ಕೊರಗಿ ಸತ್ತ ಹೇಸರಗತ್ತೆ

ಇದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ಅನುಮಾನ ಬಂದವರು ನಮ್ಮ ಕಣಿವೆಯ ಕಮ್ಯುನಿಟಿ ಕಾಲೇಜಿಗೆ ಹೋಗಿ, ಕಾರು ನಿಲ್ಲಿಸುವ ಬಯಲಿನ ಪಡುವಣ ಅಂಚಿನಲ್ಲಿ ವಾಲಿಕೊಂಡಿರುವ ಕಬ್ಬಿಣದ ಕಂಬವನ್ನು ಮುಟ್ಟಿ ನೋಡಬಹುದು. ಐವತ್ತೆರಡು ವರ್ಷದ ನಿಕಾನೋರ್ ಗಿಲ್ ಹಿಮ್ಮುಖವಾಗಿ ನಡೆದುಬಂದು ಅದಕ್ಕೆ ಬೆನ್ನು ಗುದ್ದಿದ್ದನ್ನು ಒಂದು ಇಡೀ ತರಗತಿ ಕಣ್ಣಾರೆ ಕಂಡಿದೆ. ಕಂಡವರಲ್ಲಿ ನಾಲ್ವರು ಭಾನುವಾರದ ಪೂಜೆ ತಪ್ಪಿಸದವರು. ಕಂಬವನ್ನು ನೆಟ್ಟಗೆ ಮಾಡಿಸಬೇಕೆಂದು ಅರ್ಜಿ ಹೋಗಿ, ಅದಕ್ಕೊಂದು ಸಮಿತಿಯೂ ಆಗಿದೆ. ಸಮಿತಿಯಲ್ಲಿ ಯಾವ ಯಾವ ಸಮುದಾಯದವರು ಇರಬೇಕೆಂಬ ಚರ್ಚೆ ಇನ್ನೂ ಮುಗಿಯದ ಕಾರಣ ಕಂಬ ಹಾಗೇ ಇದೆ.

ಅದು ನಡೆದ ಒಂಬತ್ತನೆಯ ದಿನ, ಗುರುವಾರ ಬೆಳಿಗ್ಗೆ, ನಿಕಾನೋರ್ ಕನ್ನಡಿಯ ಮುಂದೆ ನಿಂತು ಮೂರನೆಯ ಅಂಗಿಯ ಗುಂಡಿ ಹಾಕುತ್ತಿದ್ದ. ಮೊದಲನೆಯದು ತೀರಾ ಹೊಸದು. ಶೋಷಣೆಗೆ ಒಳಗಾದವನು ತೋಳಿನ ಮೇಲೆ ಇಸ್ತ್ರಿಯ ಗೆರೆ ಎಬ್ಬಿಸಿಕೊಂಡು ಬರುತ್ತಾನೆಯೇ ಎಂದು ಅನ್ನಿಸಿ ಬಿಚ್ಚಿಹಾಕಿದ್ದ. ಎರಡನೆಯದರ ಕಾಲರು ಸವೆದು ಹರಿದಿತ್ತು. ಅದನ್ನು ಹಾಕಿಕೊಂಡರೆ ಬೇಕೆಂದೇ ಹಾಕಿಕೊಂಡ ಹಾಗೆ ಕಾಣುತ್ತಿತ್ತು, ಬೇಕೆಂದೇ ಹಾಕಿಕೊಂಡಿದ್ದೂ ನಿಜವಾದ್ದರಿಂದ ಅದನ್ನೂ ಬಿಚ್ಚಿದ. ಮೂರನೆಯದು ಕಾಲುವೆ ಕೆಲಸಕ್ಕೆ ಹಾಕಿಕೊಳ್ಳುವ ಖಾಕಿ ಅಂಗಿ. ಇಪ್ಪತ್ತಾರು ವರ್ಷದಿಂದ ಹೊಲಗಳಿಗೆ ನೀರು ಬಿಡುವ ತೂಬುಗಳನ್ನು ಎತ್ತಿ ಇಳಿಸುವುದೇ ಅವನ ಕೆಲಸ, ಹಾಗಾಗಿ ಅದರಲ್ಲಿ ನಾಟಕವಿಲ್ಲ ಎಂದುಕೊಂಡ. ಎಂದುಕೊಂಡ ಮರುಗಳಿಗೆಗೆ, ನಾಟಕವಿಲ್ಲದ ಅಂಗಿಯನ್ನು ಆರಿಸಲು ಅರ್ಧ ಗಂಟೆ ತೆಗೆದುಕೊಂಡವನನ್ನು ಏನೆನ್ನಬೇಕು ಎಂದು ಹೊಳೆದು, ಗುಂಡಿಯ ಮೇಲಿನ ಬೆರಳು ಅಲ್ಲೇ ನಿಂತಿತು. ಹನ್ನೊಂದು ಗಂಟೆಗೆ ಕಾಲೇಜಿನ ಸಭಾಂಗಣದಲ್ಲಿ ಅವನು ಹತ್ತು ನಿಮಿಷ ಮಾತಾಡಬೇಕಿತ್ತು. ಅವನ ಮುಖದ ಭಿತ್ತಿಪತ್ರವನ್ನು ಕಾಲೇಜಿನ ಪ್ರತಿ ಬಾಗಿಲಿಗೂ ಅಂಟಿಸಿದ್ದರು. ಒಂದು ಪ್ರತಿ ಅವನ ಅಡುಗೆಮನೆಯ ಫ್ರಿಜ್ಜಿನ ಮೇಲೂ ಇತ್ತು: 'ಎಲ್ಲರಿಗಿಂತ ಹಿಂದೆ ನಿಂತವರು, ಇಂದು ನಮ್ಮ ಮುಂದೆ.' ಚಿತ್ರದಲ್ಲಿ ಅವನು ದೂರದ ದಿಗಂತದಲ್ಲಿ ಪೂರ್ವಿಕರ ನೋವನ್ನು ಕಾಣುತ್ತಿರುವವನಂತೆ ನೋಡುತ್ತಿದ್ದ. ವಾಸ್ತವವಾಗಿ ತನ್ನ ಪಿಕಪ್ ಗಾಡಿಯನ್ನು ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುತ್ತಿದ್ದ.

"ಏ ಮುದುಕಾ," ಎಂದು ಅವನ ಹೆಂಡತಿ ಎಲ್ವಿರಾ ಅಡುಗೆಮನೆಯಿಂದ ಕರೆದಳು. "ಕನ್ನಡಿ ಏನು ನಿನ್ನನ್ನ ಪರೀಕ್ಷೆ ಮಾಡ್ತಿದೆಯಾ? ಕೋಳಿ ಸಾರು ಆಗ್ಲೇ ಪಾತ್ರೆಗೆ ಹಾಕಿಟ್ಟಿದೀನಿ. ಟೋರ್ಟಿಯಾ ರೊಟ್ಟಿ ಎಂಬತ್ತು ಸಾಕಾ?"

"ಎಲ್ವಿರಾ, ನಾನು ಹೋಗದೇ ಇದ್ರೆ ಏನಾಗತ್ತೆ?"

"ಎಂಬತ್ತು ಟೋರ್ಟಿಯಾನೂ ನೀನೊಬ್ನೇ ತಿನ್ನಬೇಕಾಗತ್ತೆ."

"ಆ ಹೇಸರಗತ್ತೆ ವಿಷಯ."

"ಅದು ಸತ್ತು ನಲವತ್ತು ವರ್ಷ ಆಯ್ತು. ಸತ್ತ ಹೇಸರಗತ್ತೆಗೋಸ್ಕರ ಯಾರನ್ನೂ ಜೈಲಿಗೆ ಹಾಕಲ್ಲ. ಹೋಗು, ಬಾಯಿಗೆ ಬಂದಿದ್ದು ಮಾತಾಡು, ಎಲ್ರೂ ಅಳ್ತಾರೆ, ಪಾತ್ರೆ ವಾಪಸ್ ತಗೊಂಡ್ ಬಾ. ಹೋದ ಸಲದ ಪಾತ್ರೆ ಇನ್ನೂ ಬಂದಿಲ್ಲ."

ಜನಾಂಗ ಅಧ್ಯಯನ ಮತ್ತು ಸಾಮಾಜಿಕ ನ್ಯಾಯ ಎಂಬ ಆ ತರಗತಿಗೆ ಅವನು ಸೇರಿದ್ದು ನ್ಯಾಯಕ್ಕಾಗಿ ಅಲ್ಲ. ಮಂಡಿ ನೋವು ಶುರುವಾದ ಮೇಲೆ ಮೇಲ್ವಿಚಾರಕನ ಕೆಲಸ ಬೇಕಿತ್ತು, ಅದಕ್ಕೆ ಕಾಲೇಜಿನ ಒಂದಿಷ್ಟು ವಿಷಯ ಪಾಸಾಗಬೇಕಿತ್ತು. ಮಂಗಳವಾರ ಗುರುವಾರದ ಬೆಳಿಗ್ಗೆ ಖಾಲಿ ಇದ್ದವು ಎರಡೇ, ಗಣಿತ ಮತ್ತು ಇದು. ಇದರ ಕೋಣೆಯಲ್ಲಿ ಏಸಿ ಚೆನ್ನಾಗಿತ್ತು. ನೂರಾ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ತೂಬಿನ ಚಕ್ರ ತಿರುಗಿಸಿ ಬಂದವನಿಗೆ ಮೊದಲ ತಿಂಗಳು ಸಾಮಾಜಿಕ ನ್ಯಾಯವೆಂದರೆ ಕುತ್ತಿಗೆಗೆ ಸರಿಯಾಗಿ ಬೀಳುವ ತಂಗಾಳಿಯೇ ಆಗಿತ್ತು. ಮೊದಲ ದಿನ ಒಂದು ಕಾಗದ ಕೊಟ್ಟು ನೀವು ಯಾವ ಜನಾಂಗ ಎಂದು ಗುರುತು ಮಾಡಲು ಹೇಳಿದ್ದರು. ಅಜ್ಜ ಕೇಹರ್ ಸಿಂಗ್ ಗಿಲ್ ಪಂಜಾಬಿನ ರೈತ, ಅಜ್ಜಿ ಇಗ್ನಾಸಿಯಾ ಗಡಿಯಾಚೆಯ ಮೆಹಿಕಾಲಿಯವಳು. ನಿಕಾನೋರ್ ಯೋಚಿಸಿ ಯೋಚಿಸಿ 'ಇತರೆ' ಎಂಬಲ್ಲಿ ಗೀಟು ಹಾಕಿದ. ಪ್ರೊಫೆಸರ್ ಅರೆಯಾನೊ ಕಾಗದವನ್ನು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಈ 'ಇತರೆ' ಎಂಬ ಪದ ನಿಮಗೆ ಎಷ್ಟು ನೋವು ಮಾಡಿರಬೇಕು ಎಂದು ಕೇಳಿದಳು. ಅವನ ಮಗಳ ವಯಸ್ಸಿನ ಹುಡುಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಳೆ. ಇಲ್ಲವೆನ್ನುವುದು ಹೇಗೆ. "ಸ್ವಲ್ಪ ನೋವಾಯ್ತು, ಮಾಯೆಸ್ತ್ರಾ," ಎಂದ, ಅಜ್ಜಿಯ ಭಾಷೆಯಲ್ಲಿ ಮೇಷ್ಟ್ರಮ್ಮ ಎಂದು. ಅವನ ಮನೆತನದಲ್ಲಿ ಸುಳ್ಳುಗಳು ಯಾವಾಗಲೂ ಹೀಗೆ, ಎದುರಿಗಿದ್ದವರಿಗೆ ಬೇಜಾರಾಗಬಾರದು ಎಂಬ ಮರ್ಯಾದೆಯಿಂದ ಹುಟ್ಟುತ್ತಿದ್ದವು. ಹುಟ್ಟಿದ ಮೇಲೆ ಅವನ್ನು ಸಾಕಬೇಕಾಗುತ್ತಿತ್ತು.

ಆ ಮಂಗಳವಾರ ಬೆಂಚುಗಳನ್ನು ಗೋಡೆಗೆ ಸರಿಸಿ, ಮೂವತ್ತೊಂದು ಜನರನ್ನೂ ಕೋಣೆಯ ನಡುವೆ ಒಂದೇ ಗೆರೆಯ ಮೇಲೆ ನಿಲ್ಲಿಸಿದ್ದರು. ಪ್ರೊಫೆಸರ್ ಒಂದೊಂದೇ ಮಾತು ಓದುತ್ತಾಳೆ. ಬದುಕಿನಲ್ಲಿ ಅನುಕೂಲ ಸಿಕ್ಕಿದ್ದವರು ಒಂದು ಹೆಜ್ಜೆ ಮುಂದೆ, ಪೆಟ್ಟು ತಿಂದವರು ಒಂದು ಹೆಜ್ಜೆ ಹಿಂದೆ. ಕೊನೆಗೆ ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಿಕೊಂಡು ಎಲ್ಲರೂ ಬೇಸರಪಟ್ಟುಕೊಳ್ಳಬೇಕು, ಪಾಠ ಅಷ್ಟೇ. ಮನೆಯಲ್ಲಿ ಐವತ್ತು ಪುಸ್ತಕ ಇದ್ದವರು ಮುಂದೆ. ಅಂಗಡಿಯಲ್ಲಿ ಕಳ್ಳರ ಹಾಗೆ ನೋಡಿಸಿಕೊಂಡವರು ಹಿಂದೆ. ಹೆಸರನ್ನು ಮೇಷ್ಟ್ರು ತಪ್ಪಾಗಿ ಕರೆದಿದ್ದರೆ ಹಿಂದೆ. ಹನ್ನೆರಡು ಮಾತು ಆಗುವಷ್ಟರಲ್ಲಿ ಹುಡುಗರು ಹುಡುಗಿಯರೆಲ್ಲ ಅಲ್ಲಲ್ಲೇ ಚದುರಿದ್ದರು. ನಿಕಾನೋರನ ಬೆನ್ನು ಮಾತ್ರ ಹಿಂದಿನ ಗೋಡೆಗೆ ತಾಗಿತ್ತು. ಮಗ್ಗುಲಲ್ಲಿ ಇನ್ನೊಂದು ಬೆನ್ನೂ ಗೋಡೆಗೆ ತಾಗಿತು. ಎಂಬತ್ತೊಂದು ವರ್ಷದ ಮಿಸೆಸ್ ಹಿಸಾಕೊ ತಾನಿಗಾವಾ. ಪರೀಕ್ಷೆಯ ಹಂಗಿಲ್ಲದೆ ಸುಮ್ಮನೆ ಪಾಠ ಕೇಳಲು ಬರುತ್ತಿದ್ದವರು. ಎಲ್ಲ ಪಾಠದಲ್ಲೂ ತಪ್ಪು ಹುಡುಕುತ್ತಿದ್ದವರು.

"ಯಾರಿಗಾದ್ರೂ 'ನಿಮ್ಮ ದೇಶಕ್ಕೆ ಹೋಗು' ಅಂತ ಹೇಳಿದ್ರೆ, ಒಂದು ಹೆಜ್ಜೆ ಹಿಂದೆ," ಎಂದು ಓದಿದಳು ಪ್ರೊಫೆಸರ್.

"ಗೋಡೆ ಇದೆ," ಎಂದರು ಮಿಸೆಸ್ ತಾನಿಗಾವಾ.

"ಬಾಗಿಲು ತೆಗೀರಿ. ಯಾವ ಗೋಡೆನೂ ನಿಮ್ಮ ಅನುಭವನ ತಡೀಬಾರದು."

"ಮಾಯೆಸ್ತ್ರಾ, ನನಗೆ ಎರಡು ದೇಶಕ್ಕೆ ಹೋಗು ಅಂದಿದಾರೆ," ಎಂದ ನಿಕಾನೋರ್. "ಒಂದೇ ಹೆಜ್ಜೆನಾ, ಎರಡಾ?"

"ನಿಮ್ಮ ಅನುಭವಕ್ಕೆ ನೀವೇ ಯಜಮಾನರು, ದೊನ್ ನಿಕೋ," ಎಂದಳು ಪ್ರೊಫೆಸರ್, ಹಿರಿಯರಿಗೆ ಕೊಡುವ 'ದೊನ್' ಸೇರಿಸಿ.

ಅವನು ಎರಡು ಇಟ್ಟ. ಮಿಸೆಸ್ ತಾನಿಗಾವಾ ಅವನನ್ನು ಕಣ್ಣಂಚಿನಲ್ಲಿ ಅಳೆದು, "ನನಗೆ ಒಂದೇ ದೇಶ. ಆದ್ರೆ ನಿಜವಾಗ್ಲೂ ಬಸ್ಸಿಗೆ ತುಂಬಿ ಕಳಿಸಿದ್ರು," ಎಂದು ಮೂರು ಇಟ್ಟರು. ಅಲ್ಲಿಂದ ಅದು ಪಾಠವಾಗಿ ಉಳಿಯಲಿಲ್ಲ. ಬಾಗಿಲಲ್ಲಿ ಇಬ್ಬರೂ ಹಿಮ್ಮುಖವಾಗಿ ಸಿಕ್ಕಿಕೊಂಡು, ನೀವು ಮೊದಲು, ಇಲ್ಲ ನೀನು ಮೊದಲು, ವಯಸ್ಸಿನಲ್ಲಿ ದೊಡ್ಡವರು ನೀವು, ಹೊಟ್ಟೆಯಲ್ಲಿ ದೊಡ್ಡವನು ನೀನು ಎಂದು ಮರ್ಯಾದೆಯ ಜಗಳವಾಡಿ, ಕೊನೆಗೆ ಒಟ್ಟಿಗೆ ನುಸುಳಿ ಕಾರಿಡಾರಿಗೆ ಬಿದ್ದರು. ಪ್ರೊಫೆಸರ್ ತಂದಿದ್ದ ಮೂರು ಪುಟ ಅಲ್ಲೇ ಮುಗಿಯಿತು. ಆದರೆ ಹುಡುಗರಿಗೆ ಹುರುಪು ಹತ್ತಿತ್ತು. ತಾವೇ ಹೊಸ ಹೊಸ ಕಷ್ಟಗಳನ್ನು ಯೋಚಿಸಿ ಕೂಗತೊಡಗಿದರು. ದಾಮರಿಸ್ ಎಂಬ ಹುಡುಗಿ, ಗಂಟಲು ದೊಡ್ಡದು, ಬಾಗಿಲಲ್ಲಿ ನಿಂತು ಒಳಗಿನ ಮಾತನ್ನು ಹೊರಗೆ ದಾಟಿಸಿದಳು. ಕಾರಿಡಾರು ಮುಗಿದು, ನಾಲ್ಕು ಮೆಟ್ಟಿಲು ಇಳಿದು, ಬಿಸಿಲಿಗೆ ಬಂದರು. ಕಾವಲಿನವನು ತನ್ನ ಪುಟ್ಟ ಗಾಡಿಯನ್ನು ಸರಿಸಿಕೊಂಡು ಟೋಪಿ ತೆಗೆದ. ಯಾರದೋ ಶವಯಾತ್ರೆ ಎಂದುಕೊಂಡನಂತೆ.

ಕಾರುಗಳ ಸಾಲಿನ ನಡುವೆ ನಿಕಾನೋರನಿಗೆ ಒಂದು ವಿಷಯ ಗಮನಕ್ಕೆ ಬಂತು. ತಾನು ಕುತ್ತಿಗೆ ತಿರುಗಿಸದೆ ನಡೆಯುತ್ತಿದ್ದೇನೆ. ಹಿಮ್ಮಡಿ ಮೊದಲು ನೆಲ ಮುಟ್ಟಿ ಹದ ನೋಡುತ್ತಿದೆ, ಆಮೇಲೆ ಪಾದ. ಎಡಗೈ ತನ್ನಷ್ಟಕ್ಕೆ ಸೊಂಟದ ಹಿಂದೆ ಹೋಗಿ, ಅಂಗೈ ಬಿಡಿಸಿಕೊಂಡು, ಇಲ್ಲದ ಗೋಡೆಯನ್ನು ತಡಕುತ್ತಿದೆ. ನಲವತ್ತು ವರ್ಷದಿಂದ ಹೀಗೆ ನಡೆದಿರಲಿಲ್ಲ. ಕಾಲಿನ ಕೆಳಗೆ ಡಾಂಬರು ಮೆತ್ತಗಾಯಿತು, ಸಾಲು ಹೊಡೆದ ಕರ್ಬೂಜದ ಹೊಲದ ಮಣ್ಣಾಯಿತು, ಎದುರಿಗೆ ಎರಡು ದೊಡ್ಡ ಕಣ್ಣು, ನೊಣ ಕೂತ ರೆಪ್ಪೆ, ಬಿಸಿ ಉಸಿರು, ಬಲಗೈಯಲ್ಲಿ ಕರ್ಬೂಜದ ಸಿಪ್ಪೆ. ಕಣ್ಣು ತಪ್ಪಿಸಿದೆಯೋ ಅವಳು ನಿಂತುಬಿಡ್ತಾಳೆ ನಿಕೋ, ಕಣ್ಣಲ್ಲಿ ಕಣ್ಣಿಡು, ಎಂದು ನೇಗಿಲು ಹಿಡಿದ ಅಪ್ಪ ಕೂಗುತ್ತಿದ್ದ. ಕ್ಲೆಮೆನ್ಸಿಯಾ ಎಂಬ ಆ ಹೇಸರಗತ್ತೆ ಹಿಂದಿನಿಂದ ಹೊಡೆದರೆ ಜಗ್ಗುತ್ತಿರಲಿಲ್ಲ, ಮುಂದಿನಿಂದ ಎಳೆದರೆ ಬರುತ್ತಿರಲಿಲ್ಲ. ಒಬ್ಬರು ಅವಳ ಮುಖ ನೋಡುತ್ತ, ಸಿಪ್ಪೆ ತೋರಿಸುತ್ತ, ಹೊಲದ ಉದ್ದಕ್ಕೂ ಹಿಮ್ಮುಖವಾಗಿ ನಡೆಯಬೇಕಿತ್ತು. ಗಿಲ್ ಮನೆಯ ಗಂಡಸರು ಮೂವತ್ತೆರಡು ವರ್ಷ ಹಾಗೆ ನಡೆದು, ತಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ನೋಡದೆ ಹೋಗುವ ಅಭ್ಯಾಸವನ್ನು ಪೂರ್ತಿ ಕಲಿತಿದ್ದರು. ನಿಕಾನೋರ್ ಬೆವರು ಒರೆಸಿಕೊಂಡು ಪಕ್ಕಕ್ಕೆ ನೋಡಿದ. ಮಿಸೆಸ್ ತಾನಿಗಾವಾ ಅವರ ಹಿಮ್ಮಡಿ ಮೊದಲು ನೆಲ ಮುಟ್ಟುತ್ತಿತ್ತು. ಅವರ ಎಡ ಅಂಗೈ ಸೊಂಟದ ಹಿಂದೆ ಬಿಡಿಸಿಕೊಂಡಿತ್ತು. ಅವರೂ ಅವನ ಅಂಗೈಯನ್ನೇ ನೋಡುತ್ತಿದ್ದರು.

ಅವನು ಆ ಕೈಯನ್ನು ಜೇಬಿಗೆ ತುರುಕಿದ. ಆಗಲೇ ಅವನ ಬೆನ್ನಿಗೆ ಕಂಬ ಗುದ್ದಿದ್ದು.

"ಬೇರೆಯವರನ್ನ ಊರು ಬಿಡಿಸಿದಾಗ," ಎಂದು ದೂರದಿಂದ ದಾಮರಿಸ್ ಕೂಗಿದಳು, ಅದು ಪ್ರೊಫೆಸರ್ ಕೊನೆಗೆಂದು ಎತ್ತಿಟ್ಟುಕೊಂಡಿದ್ದ ಮಾತಂತೆ, "ಅವರು ಬಿಟ್ಟು ಹೋಗಿದ್ದು ನಿಮ್ಮ ಮನೆಗೆ ಸಿಕ್ಕಿದ್ರೆ, ಹತ್ತು ಹೆಜ್ಜೆ ಮುಂದೆ ಬನ್ನಿ."

ಯಾರೂ ಕದಲಲಿಲ್ಲ. ನಿಕಾನೋರ್ ಕಂಬಕ್ಕೆ ಒರಗಿ ನಿಂತ. ಬೆನ್ನು ನೋಯುತ್ತಿದೆ, ಅದಕ್ಕೇ ನಿಂತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಹತ್ತು ಹೆಜ್ಜೆ ಏನು ಮಹಾ. ಆದರೆ ಮೂವತ್ತು ಜನ ನೋಡುತ್ತಿದ್ದಾರೆ, ದಾಮರಿಸ್ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಾಳೆ, ಪ್ರೊಫೆಸರ್ ಅಷ್ಟು ದೂರದಿಂದಲೂ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದು ಕಾಣುತ್ತಿದೆ. ಮಿಸೆಸ್ ತಾನಿಗಾವಾ ಅವನ ಮುಖವನ್ನು ಒಂದು ಗಳಿಗೆ ನೋಡಿ, "ನನ್ನ ಸೊಂಟ ಸಾಕು ಅಂತಿದೆ. ನೀನೇ ಗೆದ್ದೆ, ಗಿಲ್," ಎಂದು ಕಾರುಗಳ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಹುಡುಗರು ಚಪ್ಪಾಳೆ ಹೊಡೆದರು. ಬದುಕಿನಲ್ಲಿ ಅವನು ಗೆದ್ದದ್ದು ಅದೇ ಮೊದಲು.

ವಾಪಸ್ ಹೋಗುವಾಗ ಮಿಸೆಸ್ ತಾನಿಗಾವಾ ಅವನ ತೋಳು ಹಿಡಿದುಕೊಂಡಿದ್ದರು. ಹಕ್ಕಿಯ ಕಾಲಿನಂಥ ಬೆರಳು.

"ಇಷ್ಟು ಚೆನ್ನಾಗಿ ಹಿಂದಕ್ಕೆ ನಡೆಯೋದು ಎಲ್ಲಿ ಕಲಿತೆ?"

"ಕಾಲುವೆ ಕೆಲಸ," ಎಂದ ನಿಕಾನೋರ್. "ಏರಿ ಮೇಲೆ ಜಾಗ ಕಮ್ಮಿ ಇರತ್ತೆ. ತಿರುಗಕ್ಕಾಗಲ್ಲ."

"ಹೌದಾ. ನಾನು ಹೇಸರಗತ್ತೆ ಹತ್ರ ಕಲಿತೆ. ಹನಾ ಅಂತ. ನಲವತ್ತೆರಡರಲ್ಲಿ, ಯುದ್ಧದ ಹೊತ್ತಲ್ಲಿ, ಶತ್ರು ದೇಶದ ರಕ್ತ ಅಂತ ನಮ್ಮನ್ನ ಅರಿಜೋನಾದ ತಂತಿಬೇಲಿ ಒಳಗೆ ಹಾಕೋಕೆ ಕರಕೊಂಡು ಹೋದ್ರಲ್ಲ, ನನಗೆ ಏಳು ವರ್ಷ. ಒಬ್ಬೊಬ್ಬರಿಗೆ ಎರಡು ಪೆಟ್ಟಿಗೆ ಅಷ್ಟೇ ಅಂದ್ರು. ಹನಾ ಪೆಟ್ಟಿಗೆಲಿ ಹಿಡೀತಿರಲಿಲ್ಲ. ನಿಮ್ಮಜ್ಜನ ಹತ್ರ ಬಿಟ್ವಿ."

"ಅಜ್ಜ ಏನೂ ಹೇಳಿರಲಿಲ್ಲ."

"ನಲವತ್ತೈದರಲ್ಲಿ ವಾಪಸ್ ಬಂದಾಗ ನಿಮ್ಮಜ್ಜ ನಮ್ಮಪ್ಪನ ಮುಂದೆ ಪಗಡಿ ತೆಗೆದು ಅತ್ರಂತೆ. ನಾವು ಹೋದ ದಿನವೇ ಅವಳು ಮೇವು ಮುಟ್ಟಲಿಲ್ಲ, ಹನ್ನೊಂದನೇ ದಿನಕ್ಕೆ ಕೊರಗಿ ಸತ್ಲು ಅಂತ. ನಮ್ಮಪ್ಪ ಅದನ್ನ ಮನೇಲಿ ಎಷ್ಟು ಸಲ ಹೇಳಿದಾರೋ. ಪಕ್ಕದ ಮನೆಯವರು ನಮ್ಮ ಒಲೆ ತಗೊಂಡ್ರು, ಎದುರುಗಡೆಯವರು ನಮ್ಮ ಕೋಳಿ ತಗೊಂಡ್ರು, ಆದ್ರೆ ಈ ಕಣಿವೆಲಿ ನಮಗೋಸ್ಕರ ಊಟ ಬಿಟ್ಟ ಜೀವ ಒಂದಿತ್ತು ಅಂತ. ಸಾಯೋ ಹೊತ್ತಲ್ಲೂ ಅದನ್ನೇ ಹೇಳಿದ್ರು. ನಮ್ಮಮ್ಮನ ಹೆಸರು ಹೇಳಲಿಲ್ಲ. ಅಮ್ಮ ಅದನ್ನ ಕ್ಷಮಿಸಲೇ ಇಲ್ಲ."

ಅಜ್ಜ ಪಗಡಿ ಸುತ್ತುವುದನ್ನು ಸಾವಿರದ ಒಂಬೈನೂರ ಇಪ್ಪತ್ತರಲ್ಲೇ ಬಿಟ್ಟಿದ್ದ. ಆ ಬೆಳಿಗ್ಗೆ ಪೆಟ್ಟಿಗೆಯಿಂದ ಹುಡುಕಿ ತೆಗೆದು, ಇಗ್ನಾಸಿಯಾಳ ಕೈಯಲ್ಲಿ ಒಂದು ತುದಿ ಹಿಡಿಸಿ, ಎರಡು ಸಲ ತಪ್ಪಾಗಿ ಮೂರನೆಯ ಸಲಕ್ಕೆ ಸುತ್ತಿಕೊಂಡಿದ್ದು ತೆಗೆಯುವುದಕ್ಕಾಗಿಯೇ. ಇದನ್ನು ಅಜ್ಜಿ ಪ್ರತಿ ಕ್ರಿಸ್‌ಮಸ್‌ಗೂ ಜೋಳದ ಸಿಪ್ಪೆಯಲ್ಲಿ ಹಿಟ್ಟು ಸುತ್ತಿ ತಮಾಲೆ ಕಡುಬು ಕಟ್ಟುತ್ತ ಹೇಳುತ್ತಿದ್ದಳು, ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಜ್ಜ ಕಳ್ಳನಲ್ಲ, ಅದನ್ನೂ ಹೇಳಲೇಬೇಕು. ಆ ವರ್ಷ ಲೆಟ್ಯೂಸ್ ಅರ್ಧ ನೆಟ್ಟಾಗಿತ್ತು, ಇನ್ನೊಂದು ತಿಂಗಳಲ್ಲಿ ಕೊಟ್ಟರಾಯಿತು ಎಂದುಕೊಂಡಿದ್ದ. ಆದರೆ ಹಿಂದಿನ ದಿನ ರಸ್ತೆಯಲ್ಲಿ ಅಷ್ಟು ಸೊರಗಿದ ತಾನಿಗಾವಾನನ್ನು ಕಂಡ ಮೇಲೆ, ನಿನ್ನ ಹೇಸರಗತ್ತೆ ಚೆನ್ನಾಗಿದೆ, ದಪ್ಪಗಾಗಿದೆ, ನಿನ್ನನ್ನು ಒಂದು ದಿನವೂ ನೆನೆಯಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲವಂತೆ. ಅದಕ್ಕಿಂತ ಅದು ಸತ್ತುಹೋಗುವುದೇ ಮರ್ಯಾದೆ ಎನಿಸಿತಂತೆ. ಒಂದು ಸಲ ಸತ್ತಿದ್ದನ್ನು ಆಮೇಲೆ ಬದುಕಿಸುವುದು ಹೇಗೆ. ಹಾಗಾಗಿ ಹನಾ ಕಾಲುವೆಯಾಚೆ ಅಜ್ಜಿಯ ತಮ್ಮನ ಹಿತ್ತಲು ಸೇರಿ ಕ್ಲೆಮೆನ್ಸಿಯಾ ಆದಳು. ಹೊಸ ಹೆಸರಿಗೆ ನಾಲ್ಕು ವರ್ಷ ತಲೆ ಎತ್ತಲಿಲ್ಲ. ತಾನಿಗಾವಾ ಮನೆಯ ನೀಲಿ ಲಾರಿ ಆ ರಸ್ತೆಯಲ್ಲಿ ಧೂಳೆಬ್ಬಿಸಿದರೆ ಅವಳನ್ನು ಕೊಟ್ಟಿಗೆಗೆ ನೂಕಿ ಬಾಗಿಲು ಹಾಕಬೇಕಿತ್ತು. ಐದು ವರ್ಷದ ನಿಕಾನೋರನಿಗೆ ಬದುಕು ಕೊಟ್ಟ ಮೊದಲ ಕೆಲಸ ಅದು, ಬೇಲಿಯ ಮೇಲೆ ಕುಳಿತು ನೀಲಿ ಬಣ್ಣವನ್ನು ಕಾಯುವುದು. ಇವತ್ತಿಗೂ ನೀಲಿ ಲಾರಿ ಕಂಡರೆ ಅವನ ಗಂಟಲು ಕೂಗಲು ಸಿದ್ಧವಾಗುತ್ತದೆ. ಮೇಲ್ವಿಚಾರಕರ ಲಾರಿಗಳೂ ನೀಲಿಯೇ. ಒಂದೆರಡು ಸಲ ಕೂಗಿಯೂಬಿಟ್ಟಿದ್ದಾನೆ.

ಆ ಒಂಬತ್ತು ದಿನ ಅವನಿಗೆ ನರಕವಾಗಿತ್ತು, ಅದೂ ತೀರಾ ಸೌಜನ್ಯದ ನರಕ. ಅವನು ಒಳಗೆ ಬಂದರೆ ಹುಡುಗರು ಎದ್ದು ನಿಲ್ಲುತ್ತಿದ್ದರು. ಏಸಿಯ ಕೆಳಗಿನ ಕುರ್ಚಿ ಅವನಿಗೆಂದೇ ಖಾಲಿ. ಒಬ್ಬ ಅವನ ಚೀಲ ಹೊತ್ತ. ಇನ್ನೊಬ್ಬ, ನಿಮ್ಮ ಅಜ್ಜನ ಹೆಸರನ್ನು ನನ್ನ ತೋಳಿಗೆ ಹಚ್ಚೆ ಹಾಕಿಸಿಕೊಳ್ಳಬಹುದೇ ಎಂದು ಕೇಳಿದ. ಕೊಟ್ಟಿದ್ದ ಪ್ರಬಂಧವನ್ನು ಬರೆಯಲಾಗದೆ ಅವನು ಹೆಸರು ಮಾತ್ರ ಬರೆದು ಖಾಲಿ ಹಾಳೆ ಕೊಟ್ಟಿದ್ದಕ್ಕೆ, 'ಈ ಮೌನವನ್ನು ಓದಿ ನಾನು ತುಂಬ ಕಲಿತೆ' ಎಂದು ಷರಾ ಬರೆದು ಪ್ರೊಫೆಸರ್ ಪೂರ್ತಿ ಅಂಕ ಕೊಟ್ಟಳು. ತಪ್ಪೊಪ್ಪಿಕೊಳ್ಳೋಣವೆಂದು ಆಕೆಯ ಕೋಣೆಗೆ ಹೋದ. "ಮಾಯೆಸ್ತ್ರಾ, ನಾನು ಅವತ್ತು ಮುಂದೆ ಬರಬೇಕಿತ್ತು," ಎಂದ. ಆಕೆ ಅವನ ಎರಡೂ ಕೈ ಹಿಡಿದುಕೊಂಡು, "ಹಾಗಂತ ನಿಮ್ಮ ಮೇಲೆ ನೀವೇ ತಪ್ಪು ಹೊರಿಸ್ಕೊಳ್ಳೋದನ್ನ ಕಲಿಸಿದ್ದೇ ಅವರು, ದೊನ್ ನಿಕೋ," ಎಂದಳು. ಆ ಅವರು ಯಾರು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಹೊರಗೆ ಬಂದು ನೀರು ಕುಡಿಯುವಾಗ, ತನ್ನ ತಪ್ಪನ್ನು ಕೂಡ ಯಾರೋ ಮರ್ಯಾದೆಯಿಂದ ಕಿತ್ತುಕೊಂಡು ಹೋದಂತೆ ಅನಿಸಿತು. ಮಿಸೆಸ್ ತಾನಿಗಾವಾ ಒಬ್ಬರೇ ಅವನನ್ನು ಮೊದಲಿನ ಹಾಗೇ ನಡೆಸಿಕೊಂಡದ್ದು. ಎದ್ದು ನಿಲ್ಲಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಪ್ರತಿ ತರಗತಿಗೂ ಅವನ ಪಕ್ಕದಲ್ಲೇ ಬಂದು ಕುಳಿತು, "ಏನಾದ್ರೂ ಹೇಳೋದಿದೆಯಾ, ಗಿಲ್?" ಎಂದು ಕೇಳುತ್ತಿದ್ದರು. "ಇಲ್ಲ, ಮಿಸೆಸ್ ತಾನಿಗಾವಾ. ಬಿಸಿಲು ಜಾಸ್ತಿ." "ಹೌದು, ಜಾಸ್ತಿ."

ಕೋಳಿ ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿ ಓಡಿಸುತ್ತಿದ್ದಾಗ ಅವನಿಗೆ ಹೊಳೆದದ್ದು ಇದು: ಹೇಳಿದರೆ ಮುದುಕಿಯ ಕೈಯಿಂದ ಅವರಿಗಾಗಿ ಅತ್ತ ಒಂದೇ ಜೀವವನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಇನ್ನರ್ಧ ಗಂಟೆಯಲ್ಲಿ ಮುನ್ನೂರು ಜನರ ಮುಂದೆ, ಮೊದಲ ಸಾಲಿನಲ್ಲಿ ಅವರನ್ನು ಕೂರಿಸಿಕೊಂಡು, ಗಿಲ್ ಮನೆತನ ಕಳೆದುಕೊಂಡಿದ್ದರ ಬಗ್ಗೆ ಅಳಬೇಕು. ಎರಡರಲ್ಲಿ ಯಾವುದು ಹೆಚ್ಚು ಕೊಳಕು ಎಂದು ತೂಗುತ್ತ ಅವನು ಕಾಲೇಜಿನ ತಿರುವು ದಾಟಿ ಎರಡು ಮೈಲಿ ಮುಂದೆ ಹೋಗಿಬಿಟ್ಟಿದ್ದ. ಹಾಗೇ ಹೋದರೆ ಗಡಿ ಬರುತ್ತದೆ, ಗಡಿ ದಾಟಿದರೆ ಮೆಹಿಕಾಲಿ, ಅಲ್ಲಿ ಎಂಬತ್ತು ಟೋರ್ಟಿಯಾ ಮಾರಿಕೊಂಡು ಬದುಕಬಹುದು ಎನಿಸಿತು. ತೊಡೆ ಸುಡುತ್ತಿತ್ತು. ಗಾಡಿ ತಿರುಗಿಸಿದ.

ಸಭಾಂಗಣದ ಹೊರಗಿನ ನೆರಳಿನಲ್ಲಿ ಎಲ್ಲರೂ ತಂದ ಊಟ ಮೇಜಿನ ಮೇಲಿತ್ತು. ಮಾತು ಮುಗಿಯುವ ಮುಂಚೆ ಯಾರೂ ಮುಟ್ಟಬಾರದೆಂದು ಚೀಟಿ ಅಂಟಿಸಿದ್ದರು. ಮಿಸೆಸ್ ತಾನಿಗಾವಾ ಚೀಟಿಯ ಪಕ್ಕದ ಬೆಂಚಿನಲ್ಲಿ ಕುಳಿತು ಕಾಗದದ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅವನ ಪಾತ್ರೆಯ ಮುಚ್ಚಳವನ್ನು ಅವನು ಕೆಳಗಿಡುವ ಮೊದಲೇ ತೆಗೆದು ಬಡಿಸಿಕೊಂಡರು.

"ದೊನ್ ನಿಕೋ, ಐದೇ ನಿಮಿಷ," ಎಂದು ಪ್ರೊಫೆಸರ್ ಬಾಗಿಲಲ್ಲಿ ಇಣುಕಿ ಹೇಳಿ, ಖಾಕಿ ಅಂಗಿ ನೋಡಿ ಮತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು.

ನಿಕಾನೋರ್ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಕಾಲುವೆಯ ತೂಬು ಎತ್ತುವಾಗ ಮೊದಲು ಚಕ್ರ ಒಂದಿಷ್ಟೂ ಅಲುಗುವುದಿಲ್ಲ, ಆಮೇಲೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ.

"ಮಿಸೆಸ್ ತಾನಿಗಾವಾ. ನಿಮ್ಮ ಹನಾ ನಲವತ್ತೆರಡರಲ್ಲಿ ಸಾಯಲಿಲ್ಲ."

ಅವರು ಅಗಿಯುವುದನ್ನು ನಿಲ್ಲಿಸಲಿಲ್ಲ. "ಮತ್ತೆ?"

"ಎಪ್ಪತ್ನಾಲ್ಕು."

"ಇಸವಿನಾ?"

"ಹೂಂ."

ಅವರು ಬೆರಳಿನಲ್ಲಿ ಏನೋ ಲೆಕ್ಕ ಹಾಕಿದರು. "ನಾವು ಬಿಟ್ಟು ಹೋದಾಗ ಅವಳಿಗೆ ಆರು. ಮೂವತ್ತೆಂಟು ವರ್ಷ ಬದುಕಿದ್ಲು ಅನ್ನು. ಎಲ್ಲಿ?"

"ಕಾಲುವೆ ಆಚೆ, ನಮ್ಮಜ್ಜಿ ತಮ್ಮನ ಹಿತ್ತಲಲ್ಲಿ."

"ಎಪ್ಪತ್ತರ ತನಕ ನಾವು ಅದರ ಪಕ್ಕದ ರಸ್ತೇಲೇ ಇದ್ವಿ."

"ಗೊತ್ತು. ನಿಮ್ಮ ಲಾರಿ ಬಂದ್ರೆ ಕೂಗ್ತಿದ್ದವನು ನಾನೇ."

ಒಳಗೆ ಯಾರೋ ಮೈಕು ತಟ್ಟಿ ಒಂದು ಎರಡು ಮೂರು ಎಂದರು. ಮಿಸೆಸ್ ತಾನಿಗಾವಾ ಟೋರ್ಟಿಯಾದ ತುಂಡಿನಿಂದ ಸಾರು ಒರೆಸಿ ಬಾಯಿಗಿಟ್ಟುಕೊಂಡರು.

"ಒಂಬತ್ತು ದಿನದಿಂದ ನಿನ್ನ ಪಕ್ಕ ಕೂತ್ಕೊಂಡು ಕಾಯ್ತಾ ಇದೀನಿ, ಇವನು ಬಾಯಿ ಬಿಡ್ತಾನೋ ಇಲ್ವೋ ಅಂತ. ಹಾಗೆ ನಡೆಯೋದನ್ನ ಕಾಲುವೆ ಕಲಿಸುತ್ತಾ? ನನ್ನ ಏನಂದ್ಕೊಂಡಿದೀಯ?"

"ಕ್ಷಮಿಸಿ ಅಂತ ಕೇಳೋಕೂ..."

"ಅದು ಆಮೇಲೆ. ಅವಳನ್ನ ಹೊಡೀತಿದ್ರಾ?"

"ಅಯ್ಯೋ, ಇಲ್ಲ. ಅವಳೇ ಅಜ್ಜನಿಗೆ ಒದೀತಿದ್ಲು."

"ಎಷ್ಟು ಸಲ?"

"ನನಗೆ ಗೊತ್ತಿರೋ ಹಾಗೆ ಪಕ್ಕೆಲುಬು ಮೂರು ಸಲ. ಹಲ್ಲು ಒಂದು ಸಲ."

"ಒಳ್ಳೇದು," ಎಂದರು ಮಿಸೆಸ್ ತಾನಿಗಾವಾ, ತೃಪ್ತಿಯಿಂದ. "ಮತ್ತೆ ಸತ್ತಿದ್ದು ಹೇಗೆ? ನಿಜ ಹೇಳು."

"ನಮ್ಮ ಚಿಕ್ಕತ್ತೆ ಮದುವೆ ದಿನ. ಚರ್ಚಿಂದ ವಾಪಸ್ ಬರೋಷ್ಟರಲ್ಲಿ ಕೊಟ್ಟಿಗೆ ಬಾಗಿಲು ಮುರಿದು ಅಂಗಳಕ್ಕೆ ಬಂದಿದ್ಲು. ಮೂರು ಅಂತಸ್ತಿನ ಕೇಕು ಪೂರ್ತಿ. ಮೇಲಿನ ಸಕ್ಕರೆ ಗಂಡು ಹೆಣ್ಣು ಗೊಂಬೆ ಸಮೇತ. ಆಮೇಲೆ ಅರವತ್ತು ತಮಾಲೆ, ಸಿಪ್ಪೆನೂ ಬಿಡಿಸದೆ. ಒಂದು ಬಕೆಟ್ ಬಿಯರು. ಸಾಯಂಕಾಲದ ಹೊತ್ತಿಗೆ ಹೊಟ್ಟೆ ಉಬ್ಬಿ, ಅಂಗಳದ ನಡುವೆ ಮಲಗಿ, ಡಕ್ ಅಂತ ಒಂದು ಸಲ ತೇಗಿ, ಹೋಗಿಬಿಟ್ಲು. ಚಿಕ್ಕತ್ತೆ ಇವತ್ತಿಗೂ ಮದುವೆ ಫೋಟೋ ಯಾರಿಗೂ ತೋರಿಸಲ್ಲ. ಎಲ್ಲದರಲ್ಲೂ ಹಿಂದುಗಡೆ ಅವಳ ಕಾಲು ಮೇಲೆದ್ದಿದೆ."

ಮಿಸೆಸ್ ತಾನಿಗಾವಾ ಅವರ ಭುಜ ಅಲುಗಿತು. ತಟ್ಟೆ ಅಲುಗಿತು. ಅವರು ನಗುತ್ತಿದ್ದಾರೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ಸದ್ದಿಲ್ಲದ ನಗು. "ಗೊಂಬೆ ಸಮೇತ," ಎಂದರು, "ಗೊಂಬೆ ಸಮೇತ," ಎಂದು ಮತ್ತೆ ನಕ್ಕರು. ನಿಕಾನೋರನೂ ನಕ್ಕ. ಒಂಬತ್ತು ದಿನದಿಂದ ಎದೆಯ ಮೇಲೆ ಕುಳಿತಿದ್ದುದು ಎದ್ದುಹೋದ ಹಾಗಿತ್ತು. ಇಷ್ಟೇನಾ, ಎಂದುಕೊಂಡ. ನಿಜ ಹೇಳುವುದೆಂದರೆ ಇಷ್ಟೇನಾ. ಇದನ್ನೇ ಒಳಗೆ ಹೋಗಿ ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಭಿತ್ತಿಪತ್ರ ಹರಿದುಹಾಕಲಿ, ಏಸಿಯ ಕುರ್ಚಿ ಕಿತ್ತುಕೊಳ್ಳಲಿ. ಒಳಗೆ ಮೈಕಿನಲ್ಲಿ ಅವನ ಹೆಸರು ಕೇಳಿಸಿತು, ಚಪ್ಪಾಳೆ ಶುರುವಾಯಿತು. ಅಷ್ಟರಲ್ಲಿ ಮಿಸೆಸ್ ತಾನಿಗಾವಾ ನಗು ನಿಲ್ಲಿಸಿ ಕಾಗದದ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಒಂದು ಸಲ ಒರೆಸಿಕೊಂಡರು. ಇನ್ನೊಂದು ಸಲವೂ ಒರೆಸಿಕೊಂಡರು. ಆಮೇಲೆ ಕರವಸ್ತ್ರವನ್ನು ಕಣ್ಣಿನಿಂದ ತೆಗೆಯಲೇ ಇಲ್ಲ. ಅವರ ಕೈ ತೀರಾ ಚಿಕ್ಕದಾಗಿ ಕಂಡಿತು. ನಿಕಾನೋರನ ಗಂಟಲಿನಲ್ಲಿ ಏನೋ ಮೆಲ್ಲಗೆ ಮೇಲೆ ಬಂತು, ಬೆಚ್ಚಗೆ, ವಿನಯದಿಂದ, ಎದುರಿಗಿದ್ದವರಿಗೆ ಬೇಜಾರಾಗಬಾರದೆಂದು. ತಡೆಯಬೇಕೆಂದು ಅವನಿಗೆ ಅನಿಸುವ ಮೊದಲೇ ಅದು ನಾಲಿಗೆಯ ಮೇಲಿತ್ತು.

"ಆದ್ರೆ ಒಂದು ವಿಷಯ, ಮಿಸೆಸ್ ತಾನಿಗಾವಾ," ಎಂದ. ದನಿ ಅವನಿಗೇ ಹೊಸದೆನಿಸುವಷ್ಟು ಮೃದುವಾಗಿತ್ತು. "ಇದನ್ನ ನಾನು ಯಾರಿಗೂ ಹೇಳಿಲ್ಲ. ಸಾಯೋಕೆ ಮುಂಚೆ ಅವಳು ಒಂದು ಸಲ ಎದ್ದು ನಿಂತ್ಲು. ನಿಮ್ಮ ಹಳೇ ಮನೆ ಇತ್ತಲ್ಲ, ಆ ದಿಕ್ಕಿಗೆ ಮುಖ ಮಾಡಿದ್ಲು. ನಾನೇ ಕಣ್ಣಾರೆ ನೋಡಿದೆ, ದೇವರಾಣೆ, ಅವಳ ಕಣ್ಣಲ್ಲಿ ಇಷ್ಟು ದಪ್ಪ..."

ಮಿಸೆಸ್ ತಾನಿಗಾವಾ ಎದ್ದಿದ್ದರು. ಖಾಲಿ ತಟ್ಟೆಯನ್ನು ಅವನ ಚಾಚಿದ ಕೈಯಲ್ಲಿಟ್ಟು, ಚೀಲವನ್ನು ಹೆಗಲಿಗೇರಿಸಿ, ಬೆನ್ನು ತಿರುಗಿಸಿ ಹೊರಟರು.

"...ಇಷ್ಟು ದಪ್ಪ ನೀರು, ಮಿಸೆಸ್ ತಾನಿಗಾವಾ, ಆಮೇಲೆ ನಿಮ್ಮ ಹೆಸರು ಹಿಡಿದು ಕರೆದ ಹಾಗೆ ಅವಳು..."